ಸ್ಟೋರೇಜ್ ಸಂಪರ್ಕ ಕಡಿದ ಮೇಲೆ ಫೈಲ್‌ಸಿಸ್ಟಂ ದುರಸ್ತಿ: ನನ್ನ ಅನುಭವ

ನಾನು ನೋಡಿಕೊಳ್ಳುತ್ತಿದ್ದ ಲಿನಕ್ಸ್ ಸರ್ವರೊಂದರ ಡೇಟಾಬೇಸ್ ಫೈಲುಗಳು ಐಸ್ಕಸಿ (ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಒದಗಿಸುವ ವಿಧಾನ) ಮೂಲಕ ಬರುವ ಡಿಸ್ಕಿನ ಮೇಲಿದ್ದವು. ನಡುವಿನ ಸ್ವಿಚ್ ಕೆಲಹೊತ್ತು ಕೈಕೊಟ್ಟು ಮತ್ತೆ ಎದ್ದಿತು. ಪಿಂಗ್ ಸರಿಯಾಗಿ ಹೋಗುತ್ತಿದ್ದರೂ ಡೇಟಾಬೇಸ್ ಏನನ್ನೇ ಬರೆಯಲು ಹೋದರೂ ‘ರೀಡ್ ಓನ್ಲಿ ಫೈಲ್‌ಸಿಸ್ಟಂ’ ಎಂಬ ದೋಷವೇ ಬರುತ್ತಿತ್ತು. ಫೈಲ್‌ಸಿಸ್ಟಂ ಕೆಟ್ಟಿದೆ, ಕೂಡಲೇ ದುರಸ್ತಿ ಕಾರ್ಯಕ್ರಮವಾದ ಎಫ್‌ಎಸ್‌ಸಿಕೆ ಓಡಿಸೋಣ ಎಂಬ ಸಲಹೆ ಬಂತು. ನಾನು ಮೊದಲು ಲಿನಕ್ಸಿನ ತಿರುಳಾದ ಕರ್ನಲ್ಲಿನ ಲಾಗ್ ತೆರೆದೆ.

ಅಲ್ಲಿ ನಾನು ನೋಡಿದ್ದು ದೋಷಗಳು ಬಂದ ಅನುಕ್ರಮವನ್ನು. ಮೊದಲು ಐಸ್ಕಸಿ ಸಂಪರ್ಕ ಕಡಿದ ಸಾಲು. ಅದಾಗಿ ಸುಮಾರು ಎರಡು ನಿಮಿಷಕ್ಕೆ ಸೆಷನ್ನಿನ ಕಾಲಮಿತಿ ಮುಗಿದ ಸಾಲು. ಹಿಂದೆಯೇ ಎಸ್‌ಡಿಬಿ (ಆ ಡಿಸ್ಕಿಗೆ ಲಿನಕ್ಸ್ ಕೊಟ್ಟ ಹೆಸರು) ಸಾಧನದ ಮೇಲೆ ಸಾಲುಸಾಲಾಗಿ ಐ/ಒ (ಓದು-ಬರಹದ) ದೋಷಗಳು. ಕೊನೆಯಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತಿಟ್ಟುಕೊಳ್ಳುವ ದಾಖಲೆ) ಸ್ಥಗಿತಗೊಂಡು, ಆ ಡಿಸ್ಕಿನ ಫೈಲ್‌ಸಿಸ್ಟಂ ಆದ ಇಎಕ್ಸ್‌ಟಿ4 ತನ್ನನ್ನು ತಾನೇ ರೀಡ್ ಓನ್ಲಿ ಮಾಡಿಕೊಂಡ ಸಾಲು. ಲಿನಕ್ಸಿನ ಐಸ್ಕಸಿ ತಂತ್ರಾಂಶವಾದ ಓಪನ್ ಐಸ್ಕಸಿಯಲ್ಲಿ ಈ ಕಾಲಮಿತಿ ಮೂಲತಃ 120 ಸೆಕೆಂಡು. ಅಷ್ಟರೊಳಗೆ ಸಂಪರ್ಕ ಮರಳಿದರೆ ತಡೆಹಿಡಿದ ಬರಹಗಳು ಮುಂದುವರಿಯುತ್ತವೆ, ಮರಳದಿದ್ದರೆ ದೋಷವು ಫೈಲ್‌ಸಿಸ್ಟಮ್ಮಿಗೆ ದಾಟುತ್ತದೆ. ಅಂದರೆ ಇಲ್ಲಿ ಫೈಲ್‌ಸಿಸ್ಟಂ ಹಾಳಾಗಿ ನಿಂತಿರಲಿಲ್ಲ, ಹಾಳಾಗದಿರಲೆಂದು ಬಾಗಿಲು ಹಾಕಿಕೊಂಡಿತ್ತು. ಐ/ಒ ದೋಷವಿಲ್ಲದೆಯೇ ಐನೋಡ್ (ಫೈಲಿನ ವಿವರಗಳ ದಾಖಲೆ) ಅಥವಾ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ದೋಷಗಳು ಮೊದಲು ಕಾಣಿಸಿದ್ದರೆ ಅದು ಬೇರೆಯೇ ರೋಗವಾಗುತ್ತಿತ್ತು. ಇನ್ನೊಂದು ಸರ್ವರಿನ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ಎನ್‌ಎಫ್‌ಎಸ್‌ನಲ್ಲಿ ಸಂಪರ್ಕ ಹೋದಾಗ ಇಂಥದ್ದು ಆಗುವುದಿಲ್ಲ. ಅಲ್ಲಿ ಫೈಲ್‌ಸಿಸ್ಟಮ್ಮನ್ನು ನಡೆಸುವುದು ಆಚೆಯ ಸರ್ವರ್, ಇಲ್ಲಿ ನಮ್ಮದೇ ಕರ್ನಲ್.

ಸೆಷನ್ ಮರಳಿ ಲಾಗಿನ್ ಆಗಿದೆಯೇ, ಸಾಧನದ ಸ್ಥಿತಿ ‘ರನ್ನಿಂಗ್’ ಎಂದಿದೆಯೇ ಎಂದು ಪರಿಶೀಲಿಸಿದೆ. ಹಳೆಯ ಮೌಂಟ್ (ಡಿಸ್ಕನ್ನು ಡೈರೆಕ್ಟರಿಗೆ ಜೋಡಿಸಿದ್ದು) ಇನ್ನೂ ಎಸ್‌ಡಿಬಿಯನ್ನು ಹಿಡಿದುಕೊಂಡಿದ್ದರಿಂದ, ಹೊಸ ಲಾಗಿನ್ನಿನಲ್ಲಿ ಅದೇ ಡಿಸ್ಕ್ ಎಸ್‌ಡಿಸಿ ಎಂಬ ಹೆಸರಿನಲ್ಲಿ ಬಂದಿತ್ತು. ಹೆಸರನ್ನು ನಂಬಿ ಕೆಲಸ ಮಾಡಬಾರದೆಂದು ಯುಯುಐಡಿ (ಫೈಲ್‌ಸಿಸ್ಟಮ್ಮಿನ ಅನನ್ಯ ಗುರುತು ಸಂಖ್ಯೆ) ಹೋಲಿಸಿಯೇ ಮುಂದೆ ಹೋದೆ. ಇದೇ ಲನ್ (ಸ್ಟೋರೇಜ್ ಹಂಚಿಕೊಟ್ಟ ಡಿಸ್ಕ್) ಅನ್ನು ಇನ್ನೊಂದು ಸರ್ವರ್ ಮೌಂಟ್ ಮಾಡಿಲ್ಲವೆಂದು ಸ್ಟೋರೇಜ್ ಕಡೆಯಿಂದಲೂ ಖಚಿತಪಡಿಸಿಕೊಂಡೆ, ಏಕೆಂದರೆ ಇಎಕ್ಸ್‌ಟಿ4 ಅನ್ನು ಎರಡು ಕಡೆ ಒಟ್ಟಿಗೆ ಮೌಂಟ್ ಮಾಡಿದಾಗ ಆಗುವ ಹಾನಿಯ ಮುಂದೆ ಸ್ವಿಚ್ ಬಿದ್ದದ್ದು ಏನೂ ಅಲ್ಲ.

ಅನ್‌ಮೌಂಟ್ ಮಾಡಲು ಹೋದರೆ ಸಾಧನ ಬಳಕೆಯಲ್ಲಿದೆ ಎಂಬ ಉತ್ತರ ಬಂತು. ಇಂಥಲ್ಲಿ ಅನೇಕರು ಲೇಜಿ ಅನ್‌ಮೌಂಟ್ ಮಾಡುತ್ತಾರೆ. ಅದು ಮೌಂಟ್ ಆದ ಡೈರೆಕ್ಟರಿಯನ್ನು ಕಣ್ಣಿಂದ ಮರೆಮಾಡುತ್ತದೆಯೇ ಹೊರತು, ಫೈಲುಗಳನ್ನು ತೆರೆದಿಟ್ಟುಕೊಂಡ ಪ್ರಕ್ರಿಯೆಗಳಿರುವವರೆಗೆ ಫೈಲ್‌ಸಿಸ್ಟಂ ಕರ್ನಲ್ಲಿನೊಳಗೆ ಜೀವಂತವಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ದುರಸ್ತಿಗೆ ಇಳಿದರೆ ಒಂದೇ ಡಿಸ್ಕನ್ನು ಇಬ್ಬರು ತಿದ್ದಿದಂತಾಗುತ್ತದೆ. ಆದ್ದರಿಂದ ಫ್ಯೂಸರ್ ಮೂಲಕ ಯಾರ್‍ಯಾರು ಹಿಡಿದಿದ್ದಾರೆಂದು ನೋಡಿ, ಡೇಟಾಬೇಸನ್ನೂ ಹಿನ್ನೆಲೆಯಲ್ಲಿದ್ದ ಬ್ಯಾಕಪ್ ಏಜೆಂಟನ್ನೂ ನಿಲ್ಲಿಸಿ, ಸರಿಯಾಗಿಯೇ ಅನ್‌ಮೌಂಟ್ ಮಾಡಿದೆ.

ದುರಸ್ತಿಗೆ ಕೈಹಾಕುವ ಮುನ್ನ ಸ್ಟೋರೇಜಿನಲ್ಲೇ ಆ ಲನ್ನಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆಸಿದೆ. ಎಫ್‌ಎಸ್‌ಸಿಕೆ ಒಮ್ಮೆ ಬರೆದದ್ದನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವಂತಿಲ್ಲ; ಇದಿಲ್ಲದೆ ನಾನು ಮುಂದುವರಿಯುತ್ತಿರಲಿಲ್ಲ. ಬಳಿಕ ಇಎಕ್ಸ್‌ಟಿ4ಕ್ಕೆ ಬಳಸುವ ಎಫ್‌ಎಸ್‌ಸಿಕೆಯಾದ ಇ2ಎಫ್‌ಎಸ್‌ಸಿಕೆಯನ್ನು ಏನನ್ನೂ ಬದಲಿಸದ ‘ಎನ್’ ಆಯ್ಕೆಯೊಂದಿಗೆ ಓಡಿಸಿದಾಗ ಪರದೆಯ ತುಂಬ ದೋಷಗಳು ಬಂದವು. ಗಾಬರಿಯಾಗಬೇಕಿರಲಿಲ್ಲ: ಈ ಆಯ್ಕೆಯಲ್ಲಿ ಜರ್ನಲ್ ಮರುಪ್ರಯೋಗವಾಗುವುದಿಲ್ಲ, ಹಾಗಾಗಿ ಜರ್ನಲ್ಲಿನಲ್ಲಿ ಉಳಿದಿರುವ ಬದಲಾವಣೆಗಳೆಲ್ಲ ದೋಷಗಳಾಗಿಯೇ ತೋರುತ್ತವೆ. ನಂತರ ನಿಜವಾಗಿ ಓಡಿಸಿದಾಗ ‘ರಿಕವರಿಂಗ್ ಜರ್ನಲ್’ ಎಂದು ಬಂದು, ಆಮೇಲೆ ಉಳಿದದ್ದು ಖಾಲಿ ಬ್ಲಾಕುಗಳ ಎಣಿಕೆಯ ತಪ್ಪು ಮತ್ತು ಕೆಲವು ಅನಾಥ ಐನೋಡ್‌ಗಳು (ಅಳಿಸಿದರೂ ತೆರೆದೇ ಇದ್ದ ಫೈಲುಗಳವು) ಮಾತ್ರ. ಕಾರ್ಯಕ್ರಮ ಮುಗಿದಾಗ ನಿರ್ಗಮನ ಸಂಖ್ಯೆ 1, ಅಂದರೆ ದೋಷಗಳು ಸರಿಯಾಗಿವೆ. 4 ಬಂದಿದ್ದರೆ ಇನ್ನೂ ಉಳಿದಿವೆ ಎಂದರ್ಥ. ಹೆಸರು ಕಳೆದುಕೊಂಡ ಫೈಲುಗಳನ್ನು ಹಾಕಿಡುವ ‘ಲಾಸ್ಟ್ ಪ್ಲಸ್ ಫೌಂಡ್’ ಡೈರೆಕ್ಟರಿ ಖಾಲಿಯಿತ್ತು.

ಇದು ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಬಗೆಯ ಫೈಲ್‌ಸಿಸ್ಟಂ ಆಗಿದ್ದರೆ ಕ್ರಮ ಬೇರೆ. ಅಲ್ಲಿ ಒಮ್ಮೆ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿದರೆ ಲಾಗ್ (ಅಲ್ಲಿನ ಜರ್ನಲ್) ತಾನಾಗಿ ಮರುಪ್ರಯೋಗವಾಗುತ್ತದೆ. ಲಾಗನ್ನೇ ಅಳಿಸುವ ದೊಡ್ಡ ‘ಎಲ್’ ಆಯ್ಕೆಯನ್ನು ರಿಪೇರ್ ಕಾರ್ಯಕ್ರಮ ಸೂಚಿಸುತ್ತದಾದರೂ, ಮೌಂಟ್ ಆಗುವುದೇ ಇಲ್ಲವೆಂದು ಖಚಿತವಾದ ಮೇಲಷ್ಟೇ ನಾನು ಅದನ್ನು ಮುಟ್ಟುತ್ತೇನೆ.

ಫೈಲ್‌ಸಿಸ್ಟಂ ಶುದ್ಧವಾಯಿತೆಂದರೆ ಒಳಗಿನ ದತ್ತಾಂಶವೂ ಸರಿಯಿದೆ ಎಂದಲ್ಲ. ಇಎಕ್ಸ್‌ಟಿ4ರ ಸಾಮಾನ್ಯ ‘ಆರ್ಡರ್ಡ್’ ವಿಧಾನದಲ್ಲಿ ಜರ್ನಲ್ ಕಾಯುವುದು ಮೆಟಾಡೇಟಾವನ್ನು (ಫೈಲುಗಳ ಬಗೆಗಿನ ವಿವರಗಳನ್ನು) ಮಾತ್ರ. ಇದಕ್ಕಿಂತ ಸೂಕ್ಷ್ಮವಾದ ತೊಡಕು 2018ರಲ್ಲಿ, ನಾವು ಬಳಸುವ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಅಭಿವೃದ್ಧಿಗಾರರ ನಡುವೆ ದೊಡ್ಡ ಚರ್ಚೆಯಾಗಿತ್ತು: ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಇಳಿಸಿ ಖಚಿತಪಡಿಸು ಎಂಬ ಕೋರಿಕೆ) ವಿಫಲವಾದ ಬಳಿಕ ಕರ್ನಲ್ ಆ ಪುಟಗಳನ್ನು ಬರೆದಾಯಿತೆಂದೇ ಗುರುತಿಸಬಹುದು, ಆಗ ಮತ್ತೊಮ್ಮೆ ಕೇಳಿದರೆ ಯಶಸ್ಸೆಂದೇ ಉತ್ತರ ಬರುತ್ತದೆ. 2019ರ ಆರಂಭದ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಇಂಥ ದೋಷ ಕಂಡರೆ ಮರುಯತ್ನಿಸದೆ ನಿಂತುಬಿಡುತ್ತದೆ, ಆಮೇಲೆ ತಾನು ಮೊದಲೇ ಬರೆದಿಟ್ಟ ಬದಲಾವಣೆಗಳ ಲಾಗ್ ಬಳಸಿ ಚೇತರಿಸಿಕೊಳ್ಳುತ್ತದೆ. ನಮ್ಮದು ಅದಕ್ಕೂ ಈಚಿನ ಆವೃತ್ತಿ. ಆದರೂ ಪುಟಗಳ ಚೆಕ್‌ಸಮ್ ಪರಿಶೀಲಿಸಿ, ಪೂರ್ತಿ ಡಂಪ್ ತೆಗೆದು, ಎಲ್ಲ ಕೋಷ್ಟಕಗಳೂ ಕೊನೆಯವರೆಗೆ ಓದಲು ಬರುತ್ತವೆಂದು ಕಂಡ ಮೇಲೆಯೇ ಬಳಕೆದಾರರಿಗೆ ಬಿಟ್ಟೆ.

ಮುಂದಿನ ಬದಲಾವಣೆಗಳಲ್ಲಿ ಮುಖ್ಯವಾದದ್ದು ಬೇರೆ ಸ್ವಿಚ್ ಮೂಲಕ ಎರಡನೆಯ ಮಾರ್ಗ ಮತ್ತು ಅದರ ಮೇಲೆ ಮಲ್ಟಿಪಾತ್ (ಹಲವು ಮಾರ್ಗಗಳ ಡಿಸ್ಕನ್ನು ಒಂದೇ ಡಿಸ್ಕಾಗಿ ತೋರಿಸುವ ವ್ಯವಸ್ಥೆ). ಎರಡೂ ಮಾರ್ಗ ಹೋದಾಗ ಬರಹಗಳು ಕಾಯುತ್ತವೆ, ಆದರೆ ಮಿತಿಯಿಲ್ಲದೆ ಅಲ್ಲ. ಕೊನೆಯಿಲ್ಲದೆ ಕಾಯಲು ಬಿಟ್ಟರೆ ಕೊಲ್ಲಲೂ ಆಗದ ಪ್ರಕ್ರಿಯೆಗಳು ರೀಬೂಟನ್ನೂ ತಡೆದು ಕೂರುತ್ತವೆ. ಮೌಂಟ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ‘ನೆಟ್‌ಡೆವ್’ ಆಯ್ಕೆಯನ್ನೂ ಸೇರಿಸಿದೆ. ಅದರಿಂದ ಸರ್ವರ್ ಮುಚ್ಚುವಾಗ ನೆಟ್‌ವರ್ಕ್ ನಿಲ್ಲುವ ಮೊದಲೇ ಡಿಸ್ಕ್ ಅನ್‌ಮೌಂಟ್ ಆಗುತ್ತದೆ. ಕೊನೆಗೆ ಬರಹ ನಡೆಯುತ್ತಿರುವಾಗಲೇ ಒಂದು ಕೇಬಲ್ ಕಿತ್ತು ನೋಡಿದೆ. ಲಾಗಿನಲ್ಲಿ ಒಂದು ಮಾರ್ಗ ವಿಫಲವಾದ ಸಾಲು ಬಂತು, ಜರ್ನಲ್ ಬಗ್ಗೆ ಯಾವ ಸಾಲೂ ಬರಲಿಲ್ಲ.