ಸಾವಿರಾರು ಬಳಕೆದಾರರಿಗೆ ವೆಬ್‌ಮೇಲ್: ಮೊದಲು ಡಿಸ್ಕ್, ಆಮೇಲೆ ಸರ್ವರ್

ಮಂಗಳೂರು ಅಥವಾ ಉಡುಪಿಯ ಕಾಲೇಜೊಂದು ಸ್ವಂತ ಮೇಲ್ ವ್ಯವಸ್ಥೆ ಇಟ್ಟುಕೊಳ್ಳುವಾಗ ಮೇಲ್ ರವಾನಿಸುವ ಪೋಸ್ಟ್‌ಫಿಕ್ಸ್, ಅದನ್ನು ಪೆಟ್ಟಿಗೆಗಳಲ್ಲಿಟ್ಟು ಓದಲು ಕೊಡುವ ಡವ್‌ಕಾಟ್, ಬ್ರೌಸರಿನಲ್ಲಿ ತೋರಿಸುವ ರೌಂಡ್‌ಕ್ಯೂಬ್ ಮೂರನ್ನೂ ಒಂದೇ ಯಂತ್ರದಲ್ಲಿ ಕೂರಿಸಿ ಆರಂಭಿಸುವುದು ಸಹಜ. ಬಳಕೆದಾರರು ಐದು ಸಾವಿರ ದಾಟಿ, ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ಲಾಗಿನ್ ಆದಾಗ ಪುಟ ತೆರೆಯುವುದು ನಿಧಾನವಾಗುತ್ತದೆ. ಆಗ ದೊಡ್ಡ ಪ್ರೊಸೆಸರ್ ಕೊಳ್ಳುವ ಮೊದಲು ಡಿಸ್ಕಿನ ಹೊರೆ ಅಳೆಯುವ ಐಒಸ್ಟ್ಯಾಟ್ ಆಜ್ಞೆಯನ್ನು ಚಲಾಯಿಸಿ, ಡಿಸ್ಕ್ ಎಷ್ಟು ಕಾಯಿಸುತ್ತಿದೆ ಎಂಬುದನ್ನು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ತೊಡಕು ಇರುವುದು ಅಲ್ಲಿಯೇ.

ಡವ್‌ಕಾಟ್ ಮೇಲ್ ಕೂಡಿಡುವ ಮಾದರಿಗಳಲ್ಲೊಂದಾದ ಮೇಲ್‌ಡಿರ್‌ನಲ್ಲಿ ಒಂದು ಮೇಲ್ ಎಂದರೆ ಒಂದು ಕಡತ. ಲಿನಕ್ಸ್‌ನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯು ಫಾರ್ಮ್ಯಾಟ್ ಮಾಡುವಾಗಲೇ ಐನೋಡ್‌ಗಳ (ಪ್ರತಿ ಕಡತಕ್ಕೂ ಬೇಕಾಗುವ ದಾಖಲೆ) ಸಂಖ್ಯೆಯನ್ನು ನಿಗದಿಗೊಳಿಸುತ್ತದೆ. ಸಾಮಾನ್ಯ ಲೆಕ್ಕದಲ್ಲಿ 16 ಕಿಲೋಬೈಟಿಗೊಂದರಂತೆ ಒಂದು ಟೆರಾಬೈಟಿಗೆ ಸುಮಾರು 6 ಕೋಟಿ. ಸಣ್ಣ ಮೇಲ್‌ಗಳೇ ತುಂಬಿದ್ದರೆ ಜಾಗ ಉಳಿದಿರುವಾಗಲೇ ಐನೋಡ್ ಮುಗಿಯಬಹುದಾದ್ದರಿಂದ, ಅಗತ್ಯ ಬಿದ್ದಂತೆ ಐನೋಡ್ ಸೃಷ್ಟಿಸುವ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ನನ್ನ ಮೊದಲ ಆಯ್ಕೆ. ಪೆಟ್ಟಿಗೆಯಲ್ಲಿ ಏನೇನಿದೆಯೆಂಬ ಪಟ್ಟಿಯಿರುವ ಡವ್‌ಕಾಟ್‌ನ ಸೂಚಿ (ಇಂಡೆಕ್ಸ್) ಕಡತಗಳನ್ನು ವೇಗದ ಎಸ್‌ಎಸ್‌ಡಿಗೆ ಸರಿಸಿ, ಮೇಲ್‌ಗಳನ್ನು ಅಗ್ಗದ ದೊಡ್ಡ ಡಿಸ್ಕ್‌ನಲ್ಲಿ ಬಿಟ್ಟರೆ, ಇನ್‌ಬಾಕ್ಸ್ ಪಟ್ಟಿ ತೋರಿಸುವ ಕೆಲಸ ಬಹುಮಟ್ಟಿಗೆ ಎಸ್‌ಎಸ್‌ಡಿಯಲ್ಲಿಯೇ ಮುಗಿಯುತ್ತದೆ. ಡವ್‌ಕಾಟ್‌ನದೇ ಇನ್ನೊಂದು ಮಾದರಿಯಾದ ಎಂಡಿಬಾಕ್ಸ್ ಹಲವು ಮೇಲ್‌ಗಳನ್ನು ಒಂದು ಕಡತದಲ್ಲಿಡುವುದರಿಂದ ಬ್ಯಾಕಪ್ ಹಗುರವಾಗುತ್ತದೆ. ಆದರೆ ಅದರಲ್ಲಿ ಓದಿದ ಗುರುತುಗಳೆಲ್ಲ ಸೂಚಿಯಲ್ಲಿಯೇ ಇರುವುದರಿಂದ ಸೂಚಿಯನ್ನು ಕಳೆದುಕೊಳ್ಳುವಂತಿಲ್ಲ.

ತಲಾ 2 ಜಿಬಿ ಕೋಟಾದಂತೆ 5,000 ಮಂದಿಗೆ 10 ಟೆರಾಬೈಟ್ ಬೇಕೆಂಬುದು ಕಾಗದದ ಲೆಕ್ಕ ಮಾತ್ರ. ತಿಂಗಳಿಗೆ ನಿಜವಾಗಿ ಎಷ್ಟು ಬೆಳೆಯುತ್ತಿದೆಯೆಂದು ಅಳೆದು ಡಿಸ್ಕ್ ಕೊಳ್ಳಿ. ಲಗತ್ತುಗಳು ಮೇಲ್‌ನಲ್ಲಿ ಸಾಗಲು ಪಡೆಯುವ ಬೇಸ್64 ಎಂಬ ಅಕ್ಷರ ರೂಪದಲ್ಲಿ ಮೂರನೇ ಒಂದು ಪಾಲು ಉಬ್ಬುತ್ತವೆ ಎಂಬುದೂ ಲೆಕ್ಕದಲ್ಲಿರಲಿ.

ವೆಬ್ ಭಾಗವನ್ನು ಹಿಗ್ಗಿಸುವುದು ಸುಲಭ. ಬರುವ ಹೊರೆಯನ್ನು ಸರ್ವರ್‌ಗಳಿಗೆ ಹಂಚುವ ಎಚ್‌ಎಪ್ರಾಕ್ಸಿಯ ಹಿಂದೆ ಎರಡು ಮೂರು ರೌಂಡ್‌ಕ್ಯೂಬ್ ಸರ್ವರ್‌ಗಳನ್ನಿಟ್ಟು, ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆಂಬ ಮಾಹಿತಿ) ರೆಡಿಸ್ ಎಂಬ ವೇಗದ ಡೇಟಾಬೇಸಿನಲ್ಲಿ ಹಂಚಿಕೊಳ್ಳಬೇಕು. ಎಲ್ಲದರಲ್ಲೂ ಗೂಢಲಿಪಿ ಕೀಲಿ ಒಂದೇ ಇರಬೇಕು. ಇಲ್ಲವಾದರೆ ಬಳಕೆದಾರರು ಕಾರಣವಿಲ್ಲದೆ ಹೊರಬೀಳುತ್ತಾರೆ. ಅಪ್‌ಲೋಡ್ ಆದ ಲಗತ್ತು ಸಾಮಾನ್ಯವಾಗಿ ಆಯಾ ಸರ್ವರಿನ ತಾತ್ಕಾಲಿಕ ಫೋಲ್ಡರಿನಲ್ಲಿ ಕೂತು ಉಳಿದ ಸರ್ವರ್‌ಗಳಿಗೆ ಸಿಗದಿರುವುದರಿಂದ, ಅದನ್ನು ಡೇಟಾಬೇಸಿನಲ್ಲಿಡುವ ಪ್ಲಗಿನ್ ಹಾಕಿಕೊಳ್ಳಿ. ರೌಂಡ್‌ಕ್ಯೂಬ್ ಪ್ರತಿ ಕ್ಲಿಕ್ಕಿಗೂ ಡವ್‌ಕಾಟ್‌ಗೆ ಹೊಸದಾಗಿ ಐಮ್ಯಾಪ್ (ಮೇಲ್ ಓದುವ ವಿಧಾನ) ಲಾಗಿನ್ ಮಾಡುತ್ತದೆ. ಪರಿಶೀಲಿಸಿದ ಪಾಸ್‌ವರ್ಡನ್ನು ಸ್ವಲ್ಪ ಹೊತ್ತು ನೆನಪಿಡುವ ಡವ್‌ಕಾಟ್‌ನ ದೃಢೀಕರಣ ಕ್ಯಾಶ್ ಚಾಲೂ ಇಲ್ಲದಿದ್ದರೆ, ಖಾತೆಗಳನ್ನು ಎಲ್‌ಡ್ಯಾಪ್ ಎಂಬ ಬಳಕೆದಾರರ ಕೋಶದಲ್ಲಿಟ್ಟವರಿಗೆ ಅಷ್ಟೂ ಹೊರೆ ಅದರ ಮೇಲೆ ಬೀಳುತ್ತದೆ.

ಮೇಲ್ ಸಂಗ್ರಹವನ್ನು ಹಂಚುವಾಗ ಒಬ್ಬ ಬಳಕೆದಾರನ ಪೆಟ್ಟಿಗೆಯನ್ನು ಒಂದೇ ಸರ್ವರಿನಲ್ಲಿಟ್ಟು, ಯಾರು ಎಲ್ಲಿದ್ದಾರೆಂಬುದನ್ನು ಡೇಟಾಬೇಸಿನಲ್ಲಿ ಬರೆದು, ಅವುಗಳ ಎದುರು ಪ್ರತಿಯೊಬ್ಬರನ್ನೂ ಅವರವರ ಸರ್ವರಿಗೆ ಕಳಿಸುವ ಡವ್‌ಕಾಟ್ ಪ್ರಾಕ್ಸಿ ನಿಲ್ಲಿಸಬೇಕು. ಎನ್‌ಎಫ್‌ಎಸ್ ಮೂಲಕ ಜಾಲದಲ್ಲಿ ಹಂಚಿಕೊಂಡ ಡಿಸ್ಕಿನಲ್ಲಿರುವ ಒಂದೇ ಪೆಟ್ಟಿಗೆಯನ್ನು ಎರಡು ಸರ್ವರ್‌ಗಳು ಏಕಕಾಲಕ್ಕೆ ಮುಟ್ಟಿದರೆ ಸೂಚಿ ಕೆಡುವ ಸಂಭವವಿದೆ. ಹೀಗಾಗದಂತೆ ಒಬ್ಬ ಬಳಕೆದಾರನನ್ನು ಒಂದೇ ಸರ್ವರಿಗೆ ಕಳಿಸುತ್ತಿದ್ದ ಡೈರೆಕ್ಟರ್ ಸೌಲಭ್ಯವನ್ನೇ ಡವ್‌ಕಾಟ್‌ನ 2.4ನೇ ಆವೃತ್ತಿಯಲ್ಲಿ ತೆಗೆದಿರುವುದರಿಂದ ಹಳೆಯ ಕೈಪಿಡಿಗಳನ್ನು ನಂಬಿ ಕೂರಬೇಡಿ.

ಉಡುಪಿಯ ಬ್ಯಾಕಪ್ಪನ್ನು ಮಂಗಳೂರಿನಲ್ಲಿಟ್ಟರೆ ಎರಡೂ ಒಂದೇ ಮಳೆ, ಸಿಡಿಲಿನ ಪಾಲಾಗಬಹುದು. ಒಂದು ಪ್ರತಿ ಘಟ್ಟದ ಮೇಲಿರಲಿ. ಜೂನ್‌ಗೆ ಮೊದಲು ಅದರಿಂದ ಒಂದು ಪೂರ್ಣ ಖಾತೆಯನ್ನು ಮರಳಿಸಿ, ಅದಕ್ಕೆ ಹಿಡಿದ ಸಮಯವನ್ನು ಬರೆದಿಟ್ಟುಕೊಳ್ಳಿ.