ಯೆಜ್ಡಿಯ ಆಯಿಲ್ ಸೀಲ್: ಮೂರು ಸಲ ಬದಲಿಸಿದ ಮೇಲೆ ತಿಳಿದದ್ದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ತಂದೆಯವರು ಓಡಿಸುತ್ತಿದ್ದ ಯೆಜ್ಡಿ 250ರ ಎಂಜಿನ್ನನ್ನು ನಾನೇ ಬಿಚ್ಚಿ, ಬೋರ್ ಮಾಡಿಸಿ, ಹೊಸ ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು (ಶಾಫ್ಟ್ ಹೊರಬರುವಲ್ಲಿ ಸೋರದಂತೆ ತಡೆಯುವ ರಬ್ಬರ್ ಉಂಗುರಗಳು) ಹಾಕಿ ಕೂಡಿಸಿದೆ. ಅದು 400 ಕಿ.ಮೀ. ಕೂಡ ನೆಟ್ಟಗೆ ಓಡಲಿಲ್ಲ. ಮೊದಲು ಐಡ್ಲಿಂಗ್ ಏರಿಳಿಯತೊಡಗಿತು. ಆಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಕೆಲ ಹೊತ್ತು ಇಳಿಯದಾಯಿತು. ಕೊನೆಗೆ ಒಂದು ಏರಿನಲ್ಲಿ ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಂಡಿತು. ಅಷ್ಟರವರೆಗೂ ನಾನು ಕಾರ್ಬ್ಯುರೇಟರನ್ನೇ ಬೈಯುತ್ತಿದ್ದೆ.

ಯೆಜ್ಡಿಯದು ಟೂ-ಸ್ಟ್ರೋಕ್ ಎಂಜಿನ್. ಇದರಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್ ತಿರುಗುವ ಮುಚ್ಚಿದ ಗೂಡು, ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಅದು ಪೆಟ್ರೋಲು, ಗಾಳಿ, ಆಯಿಲಿನ ಮಿಶ್ರಣವನ್ನು ಒಳಗೆಳೆಯುತ್ತದೆ, ಇಳಿದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. 4,500 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 75 ಸಲ ನಡೆಯುತ್ತದೆ, ಪ್ರತಿ ಸಲವೂ ಎರಡೂ ಬದಿಯ ಸೀಲುಗಳ ರಬ್ಬರ್ ತುಟಿ ಶಾಫ್ಟನ್ನು ಬಿಗಿಯಾಗಿ ಅಪ್ಪಿಕೊಂಡಿರಬೇಕು. ಡೈನಮೊ ಬದಿಯ ಸೀಲ್ ಸೋತರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲು ತೆಳುವಾಗುತ್ತದೆ, ಪಿಸ್ಟನ್ ವಿಪರೀತ ಬಿಸಿಯಾಗುತ್ತದೆ. ಕ್ಲಚ್ ಬದಿಯದು ಸೋತರೆ ಗೇರ್ ಆಯಿಲು ಒಳಗೆ ಸೇರಿ ಸೈಲೆನ್ಸರಿನಿಂದ ದಟ್ಟ ಹೊಗೆಯಾಗಿ ಹೊರಬರುತ್ತದೆ. ನನ್ನದು ಮೊದಲನೆಯ ಬಗೆ.

ಆ ಸೀಲನ್ನು ಮೂರು ಸಲ ಬದಲಿಸಿದೆ. ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ, ಮೊದಲ ಸಲ ಸಿಕ್ಕಿದ್ದು ಬಹುಕಾಲ ಅಂಗಡಿಯಲ್ಲೇ ಉಳಿದಿದ್ದ ಹಳೆಯ ಮಾಲು. ಬಳಸದೆ ಇಟ್ಟರೂ ರಬ್ಬರ್ ಗಡಸಾಗುತ್ತದೆ ಎಂಬುದು ಬೆರಳಿನಲ್ಲಿ ಮಡಿಸಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಎರಡನೆಯದು ಹೊಸದೇ, ಆದರೆ ಶಾಫ್ಟಿನಲ್ಲಿ ಕೀಲಿ ಕೂರುವ ತೋಡಿನ ಚೂಪು ಅಂಚಿನ ಮೇಲೆ ಹಾಗೆಯೇ ಜಾರಿಸಿ ತುಟಿಯನ್ನು ನಾನೇ ಸೀಳಿದ್ದೆ. ಮೂರನೆಯದಕ್ಕೆ ಹಾಲಿನ ಪ್ಯಾಕೆಟ್ಟಿನ ಹಾಳೆಯನ್ನು ಶಾಫ್ಟಿಗೆ ಸುತ್ತಿ, ಗ್ರೀಸ್ ಸವರಿ ಏರಿಸಿದೆ. ಅದೂ ನಿಲ್ಲಲಿಲ್ಲ.

ಆಗ ಊಹೆ ಬಿಟ್ಟು ಪರೀಕ್ಷೆಗೆ ಇಳಿದೆ. ಸೈಲೆನ್ಸರ್ ಮತ್ತು ಕಾರ್ಬ್ಯುರೇಟರ್ ಕೂರುವ ಬಾಯಿಗಳನ್ನು ಸೈಕಲ್ ಟ್ಯೂಬಿನ ತುಂಡುಗಳಿಂದ ಮುಚ್ಚಿ, ಮನೆಯಲ್ಲಿದ್ದ ಹಳೆಯ ಬಿ.ಪಿ. ಉಪಕರಣದ ಬಲ್ಬಿನಿಂದ ಗಾಳಿ ಒತ್ತಿದೆ. ಅದರ ಮೀಟರಿನ 260 ಮಿ.ಮೀ. ಎಂದರೆ, ಟಯರಿಗೆ ಗಾಳಿ ಅಳೆಯುವ ಲೆಕ್ಕದಲ್ಲಿ, ಸುಮಾರು 5 ಪಿಎಸ್‌ಐ. ಸೈಕಲ್ ಪಂಪಿನಂತೆ ಮಿತಿ ಮೀರಿ ಒತ್ತುವ ಭಯವಿಲ್ಲ. ಮುಳ್ಳು ನೋಡನೋಡುತ್ತಲೇ ಇಳಿಯಿತು. ಸೋಪಿನ ನೀರು ಹಚ್ಚಿದಾಗ ಶಾಫ್ಟಿನ ಸುತ್ತ, ಒಂದೇ ಪಕ್ಕದಲ್ಲಿ, ಸಣ್ಣ ಗುಳ್ಳೆಗಳು ಎದ್ದವು.

ಮತ್ತೆ ಕೇಸ್ ಬಿಚ್ಚಿ ತುಟಿ ಉಜ್ಜುವ ಜಾಗದಲ್ಲಿ ಉಗುರು ಎಳೆದೆ, ಉಗುರು ತಡೆಯಿತು. ಹಳೆಯ ಸೀಲ್ ವರ್ಷಾನುಗಟ್ಟಲೆ ಓಡಿ ಅಲ್ಲಿ ಕಾಲುವೆಯಂತೆ ಸವೆಸಿತ್ತು, ಸಾಲದ್ದಕ್ಕೆ ತುಕ್ಕು ತೆಗೆಯಲೆಂದು ನಾನು ಎಮೆರಿ ಪೇಪರನ್ನು ಓರೆಯಾಗಿ ಎಳೆದು ಸ್ಕ್ರೂವಿನ ಎಳೆಯಂಥ ಗೀರುಗಳನ್ನು ಬಿಟ್ಟಿದ್ದೆ. ಇಂಥ ಗೀರು ಶಾಫ್ಟ್ ತಿರುಗಿದಂತೆ ಗಾಳಿಯನ್ನು ತಾನೇ ಒಳಗೆ ಸಾಗಿಸುತ್ತದೆ. ಗುಳ್ಳೆ ಒಂದೇ ಪಕ್ಕದಲ್ಲಿ ಎದ್ದದ್ದಕ್ಕೆ ಕಾರಣ ಬೇರೆ: ಸಣ್ಣ ಓಲಾಟವನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಕ್ರ್ಯಾಂಕ್ ಶಾಫ್ಟ್ 0.12 ಮಿ.ಮೀ. ಓಲಾಡುತ್ತಿತ್ತು. ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ರಾಡ್ ಬದಲಿಸಿ ಪ್ರೆಸ್‌ನಲ್ಲಿ ಕೂಡಿಸಿದವರು ಅದನ್ನು ಟ್ರೂ ಮಾಡಿರಲಿಲ್ಲ, ಅಂದರೆ ಓಲಾಡದಂತೆ ನೇರಗೊಳಿಸಿರಲಿಲ್ಲ, ನಾನೂ ಅಳೆದು ನೋಡಿರಲಿಲ್ಲ. ಶಾಫ್ಟ್ ಹೀಗೆ ಓಲಾಡಿದರೆ ಒಳ್ಳೆಯ ಸೀಲಿನ ತುಟಿಗೂ ಅದನ್ನು ಬಿಗಿಯಾಗಿ ಅಪ್ಪಿಕೊಂಡಿರುವುದು ಕಷ್ಟ.

ಕ್ರ್ಯಾಂಕನ್ನು 0.03 ಮಿ.ಮೀ.ಗೆ ಟ್ರೂ ಮಾಡಿಸಿ, ಸವೆದ ಭಾಗಕ್ಕೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪ) ಹಾಕಿಸಿ ಗ್ರೈಂಡ್ ಮಾಡಿಸಿದೆ. ಪೆಟ್ರೋಲಿನಲ್ಲಿ ಈಗ ಎಥನಾಲ್ ಇರುವುದರಿಂದ ಸಾಮಾನ್ಯ ನೈಟ್ರೈಲ್ ರಬ್ಬರಿನ ಬದಲು ಅದನ್ನು ಚೆನ್ನಾಗಿ ತಾಳುವ ವೈಟಾನ್ ರಬ್ಬರಿನ ಸೀಲ್ ಹಾಕಿದೆ, ಅದೂ ಕೇಸನ್ನು ಬಿಸಿ ಮಾಡಿ ಬೇರಿಂಗ್ ಕೂರಿಸಿ ಅದು ತಣ್ಣಗಾದ ಮೇಲೆ. ಬಿ.ಪಿ. ಮೀಟರಿನ ಮುಳ್ಳು ಆ ರಾತ್ರಿ ಹತ್ತು ನಿಮಿಷ ಅಲುಗಾಡಲಿಲ್ಲ.