ಚೇಣಿ ತೋಟದ ಫಸಲು: ನಲವತ್ತು ಮರ ನೋಡಿ ಹಾಕಿದ ಲೆಕ್ಕ

ಈ ಸಲ ಚನ್ನಗಿರಿ ಕಡೆ ಚೇಣಿ ಹಿಡಿದ, ಅಂದರೆ ಫಸಲು ಮರದಲ್ಲಿರುವಾಗಲೇ ಬೆಲೆ ಕಟ್ಟಿ ಕೊಂಡ, ಆರು ಎಕರೆ ತೋಟಕ್ಕೆ ನಾನು ಬರೆದಿಟ್ಟ ಅಂದಾಜು 430 ಕ್ವಿಂಟಲ್ ಹಸಿ ಅಡಿಕೆ. ಕೊನೆಯ ಕೊಯ್ಲಿನ ತೂಕ ಕೂಡಿಸಿದಾಗ ಬಂದದ್ದು 418ರ ಆಸುಪಾಸು. "ಮರ ಎಣಿಸ್ತಾ ಕೂತ್ರೆ ತೋಟ ಬೇರೆಯವ್ರ ಪಾಲಾಗುತ್ತೆ ಕಣೋ" ಅಂದಿದ್ದ ನಮ್ಮ ಭಾವ ಈಗ ತಮ್ಮ ಪಾಲಿನ ತೋಟಕ್ಕೂ ನನ್ನನ್ನೇ ಕರೀತಿದ್ದಾರೆ.

ಕೆಲವು ವರ್ಷದ ಹಿಂದೆ ಪಾಲುದಾರರೆಲ್ಲ ಸೇರಿ ಕಣ್ಣಳತೆಯಲ್ಲೇ ಒಂದು ತೋಟ ಹಿಡಿದಿದ್ದೆವು. 60 ಕ್ವಿಂಟಲ್ ಕಡಿಮೆ ಬಂತು. ಆಗಿನ ದರಕ್ಕೆ ಮೂರೂವರೆ ಲಕ್ಷ ಹೋಯಿತು, ಮುಂಗಡಕ್ಕೆ ತಂದ ದುಡ್ಡಿನ ಬಡ್ಡಿ ಬೇರೆ. ಒಬ್ಬರ ಕಣ್ಣು ತಪ್ಪಬಹುದು, ಐವರನ್ನು ಕೇಳಿ ಸರಾಸರಿ ತೆಗೆದರೆ ಸರಿಹೋಗುತ್ತೆ ಅಂತ ಮುಂದಿನ ವರ್ಷ ಅದನ್ನೂ ಮಾಡಿ ನೋಡಿದೆ. ಐವರೂ ಜಾಸ್ತಿಯೇ ಹೇಳಿದ್ದರು. ಎಲ್ಲರೂ ನಡೆದದ್ದು ಅದೇ ದಾರಿ, ನೋಡಿದ್ದು ಬಿಸಿಲು ಬೀಳುವ ಅಂಚಿನ ಮರಗಳನ್ನೇ. ಎಲ್ಲರೂ ಒಂದೇ ಕಡೆ ವಾಲಿದ್ದರೆ ಐದಲ್ಲ, ಐವತ್ತು ಜನರ ಸರಾಸರಿ ತೆಗೆದರೂ ಆ ವಾಲು ಹೋಗಲ್ಲ.

ಆಮೇಲೆ ಮರವನ್ನು ನಾನು ಆರಿಸುವುದನ್ನೇ ಬಿಟ್ಟೆ. ತೋಟದಲ್ಲಿ ಸುಮಾರು 3100 ಮರ. ಚೀಟಿ ಎತ್ತಿ ಮೊದಲ ಮರ ಗೊತ್ತು ಮಾಡಿಕೊಂಡು, ಅಲ್ಲಿಂದ ಪ್ರತಿ 77ನೇ ಮರ. 80 ಯಾಕಲ್ಲ ಅಂದರೆ ಸಾಲಿಗೆ 40 ಮರ ಇದ್ದವು. 80 ಹಿಡಿದರೆ ಪ್ರತಿ ಸಲವೂ ಸಾಲಿನ ಅದೇ ಜಾಗಕ್ಕೆ ಬಂದು ನಿಲ್ಲುತ್ತೀವಿ. ನಮ್ಮ ಮನೆ ತೋಟದಲ್ಲಿ ಬೇಕಂತಲೇ ಹೀಗೆ ಮಾಡಿ ನೋಡಿದೆ: ಎಲ್ಲಾ ಮರವೂ ಕಾಲುವೆ ಪಕ್ಕದವೇ ಬಂದು, ಮರಕ್ಕೆ ಎರಡು ಕೆಜಿಯಷ್ಟು ಹೆಚ್ಚು ತೋರಿಸಿತು.

ಜೊತೆಗೆ ಬಂದ ಹುಡುಗರ ಹತ್ತಿರ ಜಗಳ ಆಗಿದ್ದು ಖಾಲಿ ಮರಕ್ಕೆ. 77ನೇ ಮರದಲ್ಲಿ ಗೊನೆಯೇ ಇಲ್ಲ, ಪಕ್ಕದ್ದರಲ್ಲಿ ನಾಲ್ಕು ಜೋತಾಡುತ್ತಿವೆ. "ಇದನ್ನ ಬಿಡಿ ಅಣ್ಣ, ಅದನ್ನ ಬರ್ಕೊಳ್ಳೋಣ" ಅಂತಾರೆ. ಬಿಡಬಾರದು. ಸೊನ್ನೆ ಅಂತ ಬರೆಯಬೇಕು. ಎಳೆ ಮರ, ಸುಳಿ ಒಣಗಿದ ಮರ ಎಲ್ಲದಕ್ಕೂ ಅದೇ ನಿಯಮ. ನಲವತ್ತರಲ್ಲಿ ಇಂಥ ಮೂರು ಮರ ಬಿಟ್ಟರೂ ಲೆಕ್ಕ ನೂರಕ್ಕೆ ಏಳೆಂಟು ಏರಿಬಿಡುತ್ತೆ. ಅಷ್ಟರಲ್ಲೇ ನಮ್ಮ ಲಾಭ ಇರೋದು, ಅಲ್ವಾ?

ನಲವತ್ತು ಮರದ ಗೊನೆ ಎಣಿಸಿ, ಮಾಲೀಕರನ್ನು ಒಪ್ಪಿಸಿ ಸಣ್ಣದು, ಸಾಧಾರಣ, ದೊಡ್ಡದು ಅಂತ ಕೆಲವು ಗೊನೆ ಇಳಿಸಿ ತೂಗಿದೆ. ಎಳೆ ಕಾಯಿ ಬಲಿತಾಗ ಎಷ್ಟು ತೂಗುತ್ತೆ ಅನ್ನೋದಕ್ಕೆ ನನ್ನದೇ ಒಂದು ಗುಣಕ ಇದೆ, ಅದನ್ನು ಇಲ್ಲಿ ಬರೆಯಲ್ಲ. ಮರಕ್ಕೆ ಸರಾಸರಿ 13.8 ಕೆಜಿ ಬಂತು. ಮರದಿಂದ ಮರಕ್ಕೆ ವ್ಯತ್ಯಾಸ ಐದು ಕೆಜಿಯಷ್ಟು. ಅದನ್ನು ನಲವತ್ತರ ವರ್ಗಮೂಲದಿಂದ ಭಾಗಿಸಿ, ಎರಡರಿಂದ ಗುಣಿಸಿ, ಇಡೀ ತೋಟಕ್ಕೆ ಹಾಕಿದರೆ 50 ಕ್ವಿಂಟಲ್ ಆಚೆ ಈಚೆ. ಇಷ್ಟು ಅಲ್ಲಾಟ ಇಟ್ಟುಕೊಂಡು ಬೆಲೆ ಹೇಳೋಕಾಗಲ್ಲ. ಅಲ್ಲಾಟ ಅರ್ಧ ಆಗಬೇಕಂದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಮರ ನೋಡಬೇಕು. 160 ಮರ ನೋಡೋಕೆ ಯಾವ ಮಾಲೀಕ ಕಾಯ್ತಾನೆ?

ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು, ಕೈಯಲ್ಲಿರುವ ಮಾಹಿತಿಯಿಂದ ವಾಲದ ಅಂದಾಜು ಹೇಗೇ ಮಾಡಿದರೂ ಅದರ ಅಲ್ಲಾಟ ಒಂದು ಮಿತಿಗಿಂತ ಕೆಳಗೆ ಇಳಿಯಲ್ಲ ಅಂತ 1945ರಲ್ಲೇ ತೋರಿಸಿದ್ದರು. ಹಾಗಾಗಿ ಲೆಕ್ಕದಲ್ಲಿ ಜಾಣತನ ಹುಡುಕೋದು ಬಿಟ್ಟು ಮಾಹಿತಿ ಹೆಚ್ಚಿಸುವ ದಾರಿ ನೋಡಿದೆ. ತೋಟ ಎರಡು ಥರ ಇತ್ತು: ಕಾಲುವೆ ಕೆಳಗಿನ ಕಪ್ಪು ಮಣ್ಣು, ಮೇಲಿನ ಗೊರಚು. ಎರಡನ್ನೂ ಬೇರೆ ಮಾಡಿ, ಮರದ ಸಂಖ್ಯೆಗೆ ತಕ್ಕಂತೆ ನಲವತ್ತನ್ನು ಹಂಚಿ, ಲೆಕ್ಕ ಬೇರೆ ಬೇರೆ ಹಾಕಿ ಕೂಡಿಸಿದೆ. ಮರ ಅಷ್ಟೇ, ಅಲ್ಲಾಟ ಮಾತ್ರ 35ಕ್ಕೆ ಇಳಿಯಿತು. ಗೊನೆ ತೂಕದ ಅಲ್ಲಾಟಕ್ಕೆ ಇನ್ನಷ್ಟು ಸೇರಿಸಿಕೊಂಡೆ.

ಬೆಲೆ ಹೇಳಿದ್ದು 430ಕ್ಕಲ್ಲ, 390ಕ್ಕೆ. ಇನ್ನೊಬ್ಬರು ನನಗಿಂತ ಒಂದು ಲಕ್ಷ ಜಾಸ್ತಿ ಕೂಗುವಂತಿದ್ದರು. ಮಾಲೀಕರನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ. ಕೊಯ್ಲು, ಸುಲಿಯುವ ಕೂಲಿ, ಬಡ್ಡಿ ಎಲ್ಲ ಕಳೆದು ಒಂದೂವರೆ ಲಕ್ಷದ ಮೇಲೆ ಉಳಿಯಿತು.

ಈಗ ಒಣ ಅಡಿಕೆ ಕಡೆ ಇದೇ ಲೆಕ್ಕ ಹಚ್ಚಿದ್ದೇನೆ. ಕ್ವಿಂಟಲ್ ಹಸಿಗೆ 12–13 ಕೆಜಿ ಅಂತ ಎಲ್ಲರೂ ಹೇಳ್ತಾರೆ. ಪ್ರತಿ ಕೊಯ್ಲಿನಿಂದ ಚೀಟಿ ಎತ್ತಿ ಒಂದೆರಡು ಚೀಲ ಬೇರೆ ಬೇಯಿಸಿ ಒಣಗಿಸಿದರೆ, ಮೊದಲ ಕೊಯ್ಲಿಗೂ ಕೊನೆಯದಕ್ಕೂ ಒಂದು ಕೆಜಿಯಷ್ಟು ಫರಕು ಕಾಣ್ತಿದೆ.